ಕೆಳಮೂಲೆಯ ಸೊಳ್ಳೆಗಳು

ಮಾದೇವಿಗೆ ಸೊಳ್ಳೆ ಸಾಕುವ ಕೆಲಸ ಸಿಕ್ಕಿದೆಯೆಂದು ಗೊತ್ತಾದ ದಿನ, ಕಡಲೆಕಾಯಿ ಬಿಡಿಸುತ್ತಿದ್ದ ಅವಳ ಅತ್ತೆ ನಿಂಗಾಜಮ್ಮ ಮೊರವನ್ನು ಪಕ್ಕಕ್ಕಿಟ್ಟು, ನಗುವುದಕ್ಕೆಂದೇ ಬಿಡುವು ಮಾಡಿಕೊಂಡಳು.

"ಹಸ ಸಾಕೋರ ಕಂಡಿವ್ನಿ, ಕುರಿ ಸಾಕೋರ ಕಂಡಿವ್ನಿ, ರೇಷ್ಮೆಹುಳ ಸಾಕೋರ್ನೂ ಕಂಡಿವ್ನಿ. ಸೊಳ್ಳೆ ಸಾಕದ್ಕೆ ಸಂಬ್ಳ ಕೊಡೋ ಸರ್ಕಾರನ ಇವತ್ತೇ ಕಣವ್ವ ಕಾಣ್ತಿರೋದು. ನಮ್ಮನೇಲಿ ದಿನಾ ಸಂಜೆ ಬಿಟ್ಟಿ ಸಾಕ್ತಿದ್ದೋ. ಮೊದ್ಲೇ ಗೊತ್ತಿದ್ರೆ ನಾನೂ ಅರ್ಜಿ ಹಾಕ್ತಿದ್ದೆ."

ಮಾದೇವಿ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಬಾಯಿ ಬಿಡಬೇಕಾದ ಕಡೆಯಲ್ಲೆಲ್ಲ ಕಣ್ಣು ಬಿಟ್ಟುಕೊಂಡು ನಿಲ್ಲುವುದು ಅವಳಿಗೆ ಅಭ್ಯಾಸವಾಗಿತ್ತು. ಕೆಲಸ ಸಿಕ್ಕಿದ್ದೂ ಅದರಿಂದಲೇ. ಸಂದರ್ಶನದ ದಿನ ಪಂಜರದಲ್ಲಿದ್ದ ಸೊಳ್ಳೆಗಳಲ್ಲಿ ಹೆಣ್ಣೆಷ್ಟು ಗಂಡೆಷ್ಟು ಎಂದು ಕೇಳಿದಾಗ, ಪದವಿ ಪಡೆದು ಬಂದ ನಾಲ್ವರು ಭೂತಗನ್ನಡಿ ಹುಡುಕುತ್ತಿರುವಾಗಲೇ ಅವಳು ಮೀಸೆ ನೋಡಿ ಎಣಿಸಿ ಮುಗಿಸಿದ್ದಳು.

ಭತ್ತದ ಬಯಲಿನ ನಡುವೆ, ನಾಲೆಯ ಏರಿಯ ಪಕ್ಕದಲ್ಲಿ ಎದ್ದು ನಿಂತಿದ್ದ ಆ ಮೂರಂತಸ್ತಿನ ಕೀಟರೋಗ ಸಂಶೋಧನಾ ಕೇಂದ್ರದ ಯಜಮಾನರು ಡಾಕ್ಟರ್ ಇಂದುಶೇಖರ್. ಮೆದುಳು ಜ್ವರವನ್ನು ಭೂಮಿಯಿಂದ ಅಳಿಸುವ ಉಪಾಯ ತಮಗೆ ಸ್ನಾನ ಮಾಡುವಾಗ ಹೊಳೆಯಿತೆಂದು ಅವರು ಪತ್ರಿಕೆಗಳಿಗೆ ಹೇಳುತ್ತಿದ್ದರು. ಉಪಾಯವೇನೋ ಕೆಟ್ಟದ್ದಲ್ಲ. ಈ ಜ್ವರದ ವೈರಸ್ಸು ಹಂದಿಯ ಮೈಯಲ್ಲೋ ಗದ್ದೆಯ ಕೊಕ್ಕರೆಯ ಮೈಯಲ್ಲೋ ಬೆಳೆಯುತ್ತದೆ. ಸೊಳ್ಳೆ ಅವುಗಳ ರಕ್ತ ಕುಡಿದಾಗ ಅದರ ಕರುಳಿಗೆ ಇಳಿಯುತ್ತದೆ. ಕರುಳಿನ ಗೋಡೆ ದಾಟಿ, ಮೈಯೆಲ್ಲ ಸುತ್ತಿ, ಹತ್ತು ಹನ್ನೆರಡು ದಿನಕ್ಕೆ ಜೊಲ್ಲಿನ ಗ್ರಂಥಿ ತಲುಪುತ್ತದೆ. ಆಮೇಲೆ ಆ ಸೊಳ್ಳೆ ಮಗುವೊಂದನ್ನು ಕಚ್ಚಿದರೆ ಜೊಲ್ಲಿನ ಜೊತೆ ವೈರಸ್ಸೂ ಒಳಗೆ. ಕರುಳಿಗೂ ಜೊಲ್ಲಿಗೂ ನಡುವೆ ಒಂದು ಅಡ್ಡಗೋಡೆ ಕಟ್ಟಿಬಿಟ್ಟರೆ? ಸೊಳ್ಳೆ ಕಚ್ಚುತ್ತದೆ, ಕುಡಿಯುತ್ತದೆ, ಆದರೆ ಕೊಡುವುದಿಲ್ಲ. ಮೊಟ್ಟೆಯಲ್ಲೇ ಒಂದು ವಂಶವಾಹಿ ತಿದ್ದಿ ಅಂಥ ತಳಿಯನ್ನು ಅವರು ಮಾಡಿದ್ದರು. ಅದನ್ನು ಗದ್ದೆಗೆ ಬಿಟ್ಟರೆ ಕಾಡು ಸೊಳ್ಳೆಗಳೊಂದಿಗೆ ಕೂಡಿ, ಮೂರು ವರ್ಷದಲ್ಲಿ ಇಡೀ ಬಯಲಿನ ಸೊಳ್ಳೆ ಸಂತಾನಕ್ಕೆ ಆ ಗೋಡೆ ಬಂದುಬಿಡುತ್ತದೆಂಬುದು ಲೆಕ್ಕಾಚಾರ. ತಳಿಯ ಹೆಸರು 'ಶಾಂತಿ-೯'. ಮೊದಲ ಎಂಟು ಶಾಂತಿಗಳು ಏನಾದವೆಂದು ಯಾರೂ ಕೇಳುವಂತಿರಲಿಲ್ಲ. ಸುತ್ತಲ ಹಳ್ಳಿಯವರು ಮಾತ್ರ ಅದನ್ನು 'ಬಾಯಿ ಕಟ್ಟಿದ ಸೊಳ್ಳೆ' ಎಂದೇ ಕರೆದರು.

ವೈರಸ್ ಕುಡಿಸಿದ ಸೊಳ್ಳೆಗಳಿದ್ದದ್ದು ನೆಲಮಾಳಿಗೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗಿನ ಬಲೆಪಂಜರಗಳಲ್ಲಿ. ಪೆಟ್ಟಿಗೆಗೆ ಅಂಟಿಸಿದ ಉದ್ದನೆಯ ರಬ್ಬರ್ ಕೈಗವಸುಗಳೊಳಗೆ ತೋಳು ತೂರಿಸಿ ಹೊರಗಿನಿಂದಲೇ ಕೆಲಸ ಮಾಡಬೇಕು. ಡಾಕ್ಟರ್ ಇಂದುಶೇಖರ್ ಕೆಳಗೆ ಬರುವವರಲ್ಲ. ಮೂರನೇ ಮಹಡಿಯ ನಿಯಂತ್ರಣ ಕೊಠಡಿಯಲ್ಲಿ ಕುಳಿತು ಪರದೆಯ ಮೇಲೆ ನೋಡುತ್ತಿದ್ದರು. ಕ್ಯಾಮೆರಾ ಪೆಟ್ಟಿಗೆಯ ಒಳಗಿದ್ದುದರಿಂದ ಅವರಿಗೆ ಕಾಣುತ್ತಿದ್ದದ್ದು ಕೈಗಳು ಮಾತ್ರ. ಹಾಗಾಗಿ ಕೆಳಗಿನ ಸಿಬ್ಬಂದಿಯನ್ನು ಅವರು ಕೈಗಳೆಂದೇ ಕರೆಯುತ್ತಿದ್ದರು. "ಕೈ ನಂಬರ್ ಎರಡು, ಸ್ವಲ್ಪ ಬಲಕ್ಕೆ," ಎಂದು ಧ್ವನಿವರ್ಧಕ ಕೂಗುತ್ತಿತ್ತು. ಎರಡನೇ ಕೈ ಮಾದೇವಿ. ಒಂದನೇ ಕೈ, ಹದಿನೆಂಟು ವರ್ಷದಿಂದ ಅಲ್ಲೇ ಇದ್ದ ಸಿದ್ದಯ್ಯ.

ಪರೀಕ್ಷೆ ಸರಳ. ಹೆಬ್ಬೆರಳಿನಷ್ಟು ಗಾಜಿನ ಕೊಳವೆಗೆ ಒಂದು ಸೊಳ್ಳೆ ಬಿಟ್ಟು, ಉಗುರಿನಷ್ಟು ಕಾಗದಕ್ಕೆ ಜೇನು ಸವರಿ ಒಳಗಿಡುವುದು. ಜೇನು ಹೀರುವಾಗ ಸೊಳ್ಳೆ ಅದರ ಮೇಲೆ ಉಗುಳುತ್ತದೆ. ಉಗುಳಿನಲ್ಲಿ ವೈರಸ್ಸಿದ್ದರೆ ಕಾಗದ ನೇರಳೆಯಾಗುತ್ತದೆ. ಎರಡು ವರ್ಷದಲ್ಲಿ ಶಾಂತಿ-೯ರ ಒಂದು ಕಾಗದವೂ ನೇರಳೆಯಾಗಿರಲಿಲ್ಲ. ಸೊನ್ನೆ. ಆ ಸೊನ್ನೆಯನ್ನು ಚೌಕಟ್ಟು ಹಾಕಿಸಿ ಸ್ವಾಗತ ಕೋಣೆಯಲ್ಲಿ ತೂಗುಹಾಕಿದ್ದರು.

ಸೊಳ್ಳೆಗಳನ್ನು ಕೊಳವೆಗೆ ತುಂಬುವ ಕ್ರಮವನ್ನು ಮಾದೇವಿಗೆ ಕಲಿಸಿದವನು ಸಿದ್ದಯ್ಯ. ಮೊದಲು ರಬ್ಬರ್ ಬುಗ್ಗೆ ಒತ್ತಿ ಪಂಜರದೊಳಗೆ ಒಂದು ಉಸಿರು ಗಾಳಿ ಬಿಡಬೇಕು. ಗಾಳಿಗೆ ಎದ್ದು ಹಾರಿದವನ್ನು ಹೀರುಗೊಳವೆಯಿಂದ ಹಿಡಿದು ಪರೀಕ್ಷೆಗೆ ತುಂಬಬೇಕು. ಏಳದೆ ಕೂತವನ್ನು ಗುಡಿಸಿ ಫ್ರೀಜರಿಗೆ ಹಾಕಬೇಕು. ರಿಜಿಸ್ಟರಿನಲ್ಲಿ ಎರಡೇ ಕಲಮು: 'ಬಳಸಿದ್ದು', 'ಸತ್ತದ್ದು'.

ಇದು ಯಾವ ಪುಸ್ತಕದಲ್ಲೂ ಇದ್ದ ಕ್ರಮವಲ್ಲ. ಮಾದೇವಿ ಬರುವ ಮೊದಲು ಒಂದು ದಿನ ಸಿದ್ದಯ್ಯ ತುಂಬಿದ್ದ ಕೊಳವೆಯಲ್ಲಿ ಒಂದು ಸೊಳ್ಳೆ ಜೇನಿನ ಕಡೆ ಹೋಗದೆ ಮಂಕಾಗಿ ಕೂತಿತ್ತಂತೆ. "ಏನಪ್ಪಾ ಸಿದ್ದಯ್ಯ, ಹುಡುಕಿ ಹುಡುಕಿ ನಿನ್ನ ಥರದ್ದನ್ನೇ ತಂದಿದೀಯಲ್ಲ! ನನಗೆ ಚುರುಕಾಗಿರೋದು ಬೇಕು ಕಣಯ್ಯಾ," ಎಂದಿದ್ದರು ಡಾಕ್ಟರು. ಮೇಲಿದ್ದವರೆಲ್ಲ ನಕ್ಕಿದ್ದು ಧ್ವನಿವರ್ಧಕದಲ್ಲಿ ಕೆಳಗೂ ಕೇಳಿಸಿತ್ತು. ಮಾರನೆಯ ದಿನವೇ ಸಿದ್ದಯ್ಯ ಬುಗ್ಗೆ ಹುಡುಕಿಕೊಂಡ. ಆವತ್ತಿನಿಂದ ಮೇಲಿನವರಿಗೆ ಮಂಕು ಸೊಳ್ಳೆ ಕಂಡಿದ್ದಿಲ್ಲ.

ಮಾದೇವಿಗೆ ಕಾಣುತ್ತಿತ್ತು. ಏಳದವು ಪಂಜರದ ಎಡ ಕೆಳಮೂಲೆಯಲ್ಲಿ, ಒದ್ದೆ ಹತ್ತಿಯ ಹಿಂದೆ ಕೂರುತ್ತಿದ್ದವು. ಚೆನ್ನಾಗಿರುವ ಸೊಳ್ಳೆ ಕೂತಾಗ ಹಿಂಗಾಲು ಎರಡನ್ನೂ ಮೇಲಕ್ಕೆ ಮಡಚಿ ಎತ್ತಿಕೊಂಡಿರುತ್ತದೆ. ಇವುಗಳ ಹಿಂಗಾಲು ಜೋತುಬಿದ್ದಿರುತ್ತಿತ್ತು. ರಕ್ತ ಉಣಿಸುವ ದಿನ ಇವು ಎಲ್ಲಕ್ಕಿಂತ ಕೊನೆಗೆ ಬರುತ್ತಿದ್ದವು, ಆದರೆ ಬಂದೇ ಬರುತ್ತಿದ್ದವು. ಒಮ್ಮೆ ಕೂತರೆ ಮತ್ತೆ ಮತ್ತೆ ಚುಚ್ಚುತ್ತ ಉಳಿದವುಗಳ ಎರಡರಷ್ಟು ಹೊತ್ತು ಕೂರುತ್ತಿದ್ದವು.

ಆ ವರ್ಷದ ಭತ್ತದ ನಾಟಿಗೆ ಮುಂಚೆ ಸುದ್ದಿ ಬಂತು. ಶಾಂತಿ-೯ನ್ನು ಏಳು ಊರುಗಳಲ್ಲಿ ಬಿಡುತ್ತಾರೆ. ಪಟ್ಟಿಯ ನಾಲ್ಕನೆಯ ಊರು ಮಾದೇವಿಯ ಕಾಳೇನಕೊಪ್ಪಲು. ಅದರ ಜೊತೆಗೇ ಇನ್ನೊಂದು ಆದೇಶ: ಈ ಏಳು ಊರುಗಳಲ್ಲಿ ಮಕ್ಕಳ ಮೆದುಳು ಜ್ವರದ ಲಸಿಕೆಯನ್ನು ಎರಡು ವರ್ಷ ತಡೆಹಿಡಿಯಲಾಗಿದೆ. ಕಾರಣವನ್ನು ಆದೇಶದಲ್ಲಿ ಮೂರು ಪುಟ ಬರೆದಿದ್ದರು. ನಿಜವಾದ ಕಾರಣ ಒಂದು ಸಾಲಿನದು. ಡಾಕ್ಟರು ಧ್ವನಿವರ್ಧಕ ಆರಿಸಲು ಮರೆತು ಯಾರಿಗೋ ಫೋನಿನಲ್ಲಿ ಹೇಳಿದ್ದನ್ನು ಮಾದೇವಿ ಕೈಗವಸಿನೊಳಗೆ ಕೈಯಿಟ್ಟುಕೊಂಡೇ ಕೇಳಿಸಿಕೊಂಡಿದ್ದಳು: "ಲಸಿಕೆನೂ ಕೊಟ್ಟು ಸೊಳ್ಳೆನೂ ಬಿಟ್ರೆ, ಜ್ವರ ಬರದೇ ಇದ್ದಾಗ ಹೆಸರು ಯಾರಿಗ್ರೀ ಹೋಗ್ಬೇಕು?"

ಮಾದೇವಿಯ ಮಗಳು ಹರ್ಷಿಣಿಗೆ ಒಂಬತ್ತು ತಿಂಗಳು ತುಂಬಿ ಆರು ದಿನವಾಗಿತ್ತು. ಮೊದಲ ಸೂಜಿ ಹಾಕಿಸಬೇಕಾದ ಹೊತ್ತು. ಊರಿನ ಆಶಾ ಕಾರ್ಯಕರ್ತೆ ಜಯಶೀಲ ಕೈ ಆಡಿಸಿದಳು. "ನಮ್ಮೂರಿಗೆ ಬರಲ್ವಂತೆ ಕಣೆ. ನಾನೇನ್ ಮಾಡ್ಲಿ?" ಪಟ್ಟಣಕ್ಕೆ ಎತ್ತಿಕೊಂಡು ಹೋದರೆ ಅಲ್ಲಿಯ ಕಂಪ್ಯೂಟರು ಮಗುವಿನ ಊರಿನ ಹೆಸರು ನೋಡಿದ ತಕ್ಷಣ ಕೆಂಪು ಗೆರೆ ಎಳೆಯಿತು.

ಮೆದುಳು ಜ್ವರವೆಂದರೆ ಏನೆಂದು ಕಾಳೇನಕೊಪ್ಪಲಿಗೆ ಯಾರೂ ಪರದೆಯ ಮೇಲೆ ತೋರಿಸಬೇಕಾಗಿರಲಿಲ್ಲ. ಎದುರು ಮನೆಯ ತಂಗ್ಯಮ್ಮನ ಮಗಳು ರೂಪ ಐದು ವರ್ಷದವಳಿದ್ದಾಗ ನಾಲ್ಕು ದಿನ ಜ್ವರ ಬಂದು ಮಲಗಿ ಎದ್ದಳು. ಈಗ ಹನ್ನೊಂದು. ತಾಯಿ ಗದ್ದೆಗೆ ಹೋಗುವಾಗ ಸೀರೆಯ ತುಂಡಿನಲ್ಲಿ ಅವಳನ್ನು ಕಂಬಕ್ಕೆ ಕಟ್ಟಿ ಹೋಗುತ್ತಾಳೆ. ತನ್ನ ಹೆಸರು ಕೂಗಿದರೂ ಅವಳು ತಿರುಗುವುದಿಲ್ಲ.

ನಿಂಗಾಜಮ್ಮ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. "ಅಯ್, ಸೊಳ್ಳೆ ಬಾಯೇ ಕಟ್ಟವ್ರಂತಲ್ಲ. ಆಮೇಕೆ ಮಗೀಗೆ ಸೂಜಿ ಯಾಕೆ? ಸಾಕಿರೋಳು ನೀನೇ ತಾನೆ? ನೀ ಸಾಕಿದ್ರ ಮ್ಯಾಲೆ ನಿಂಗೇ ನಂಬ್ಕೆ ಇಲ್ವಾ?"

ಹಂಗಿಸಲು ಹೇಳಿದ ಮಾತು. ಆದರೆ ಮಾದೇವಿ ತೊಟ್ಟಿಲ ಹಗ್ಗ ಹಿಡಿದವಳು ಹಾಗೇ ನಿಂತಳು. ನಂಬಿಕೆಯಿದೆಯೇ? ಎದ್ದು ಹಾರುವವುಗಳ ಮೇಲೆ ಇತ್ತು. ಅವುಗಳ ಕಾಗದ ಬಿಳಿಯಾಗಿಯೇ ಉಳಿದದ್ದನ್ನು ಅವಳೇ ಕಂಡಿದ್ದಳು. ಕೆಳಮೂಲೆಯವುಗಳ ಕಾಗದವನ್ನು ಯಾರು ನೋಡಿದ್ದರು? ತೊಟ್ಟಿಲಲ್ಲಿ ಮಲಗಿದ ಮಗು ರಬ್ಬರ್ ಬುಗ್ಗೆಯಲ್ಲ. ಅದು ಗಾಳಿ ಊದಿ ಎಬ್ಬಿಸುವುದಿಲ್ಲ, ಕೈ ಬೀಸುವುದಿಲ್ಲ. ನಿಧಾನದ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ಮನೆಯೇ ಇಲ್ಲ.

ಮಾರನೆಯ ದಿನ ಅವಳು ಸಿದ್ದಯ್ಯನನ್ನು ಕೇಳಿದಳು. "ಸಿದ್ದಯ್ಯಣ್ಣ, ಏಳದೇ ಇರೋವನ್ನ ಯಾವತ್ತಾದ್ರೂ ಪರೀಕ್ಷೆಗೆ ಹಾಕಿದ್ರಾ?"

"ಅವು ಸತ್ತವು ಕಣಮ್ಮಿ."

"ಕಾಲಾಡಿಸ್ತವಲ್ಲ."

"ಬುಕ್ಕಲ್ಲಿ ಸತ್ತವು," ಎಂದ ಸಿದ್ದಯ್ಯ, ಅದಕ್ಕಿಂತ ದೊಡ್ಡ ಸಾವು ಇಲ್ಲವೆಂಬಂತೆ. "ಕಾಲಾಡಿಸ್ಲಿ, ಡ್ಯಾನ್ಸ್ ಆಡ್ಲಿ, ನಿಂಗ್ಯಾಕೆ? ಮ್ಯಾಲಿರೋರು ಚುರುಕಾದ್ದು ಕೇಳವ್ರೆ, ಚುರುಕಾದ್ದು ಕೊಡು. ರಿಟೈರಾಗಕ್ಕೆ ಎಂಟು ತಿಂಗ್ಳದೆ ನಂಗೆ."

ಮಾದೇವಿ, ಮೇಲೆ ಊಟದ ಹೊತ್ತಾಗಿ ಪರದೆಯ ಮುಂದೆ ಯಾರೂ ಇಲ್ಲದಾಗ ನಲವತ್ತು ಕೊಳವೆಗಳಿಗೆ ಕೆಳಮೂಲೆಯವನ್ನು ತುಂಬಿದಳು. ಇನ್ನು ನಲವತ್ತಕ್ಕೆ ಹಾರುವವನ್ನು ತುಂಬಿದಳು. ತಪ್ಪು ಜೇನಿನದೋ ಕಾಗದದ್ದೋ ಆಗಿದ್ದರೆ ಎರಡರಲ್ಲೂ ಕಾಣಲಿ ಎಂದು. ಎರಡನ್ನೂ ಬೆಚ್ಚಗಿನ ಕಪಾಟಿನ ಹಿಂದಿನ ಸಾಲಿನಲ್ಲಿಟ್ಟಳು. ಮಂಕು ಸೊಳ್ಳೆ ಒಂದು ದಿನದಲ್ಲಿ ಜೇನಿನ ಹತ್ತಿರ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮೂರು ದಿನ ಕಾದಳು.

ಹಾರುವವುಗಳ ನಲವತ್ತು ಕಾಗದವೂ ಬಿಳಿ. ಕೆಳಮೂಲೆಯ ನಲವತ್ತರಲ್ಲಿ ಇಪ್ಪತ್ತಾರು ನೇರಳೆ.

ಅಷ್ಟೂ ಸೊಳ್ಳೆಗಳಲ್ಲಿ ಕೆಲವು ಮಾತ್ರ ಗೋಡೆ ಸೋರುವಂಥವು. ಸೋರಿದ ವೈರಸ್ಸು ಜೊಲ್ಲಿಗಷ್ಟೇ ಅಲ್ಲ, ತಲೆಗೂ ಹತ್ತಿ ಸೊಳ್ಳೆಯನ್ನೇ ಮಂಕು ಮಾಡುತ್ತಿತ್ತು. ಮಂಕಾದದ್ದನ್ನು ಬುಗ್ಗೆ ಆರಿಸಿ ಹೊರಗೆ ಹಾಕುತ್ತಿತ್ತು. ಚೌಕಟ್ಟಿನೊಳಗಿನ ಸೊನ್ನೆ ಶಾಂತಿ-೯ರದಲ್ಲ, ಸಿದ್ದಯ್ಯನ ಬುಗ್ಗೆಯದು.

ಕಾಗದಗಳನ್ನು ಕ್ರಿಮಿನಾಶಕದಲ್ಲಿ ಅದ್ದಿ, ಮೊಹರು ಮಾಡಿದ ಚೀಲದಲ್ಲಿ ಹಾಕಿಕೊಂಡು ಅವಳು ಮೊದಲ ಸಲ ಮೂರನೇ ಮಹಡಿಗೆ ಹತ್ತಿದಳು. ಡಾಕ್ಟರ್ ಇಂದುಶೇಖರ್ ಅವಳ ಮುಖ ನೋಡಿ ಗುರುತು ಹತ್ತದೆ, ಕೈ ನೋಡಿದರು.

"ಯಾರು ನೀನು?"

"ಎರಡನೇ ಕೈ, ಸಾರ್." ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಚೀಲ ಮುಂದಿಟ್ಟು, ತಡವರಿಸುತ್ತ ವಿಷಯ ಹೇಳಿದಳು.

ಅವರು ಚೀಲ ಮುಟ್ಟಲಿಲ್ಲ. "ಎಷ್ಟು ಓದಿದೀಯಮ್ಮಾ?"

"ಒಂಬತ್ತು, ಸಾರ್."

"ಪೂರ್ತಿನಾ?"

ಪಕ್ಕದ ಮೇಜಿನವರು ನಕ್ಕರು. ಡಾಕ್ಟರು ಇನ್ನೂ ದೊಡ್ಡ ಮನಸ್ಸು ಮಾಡಿ ವಿವರಿಸಿದರು. "ನೋಡು, ಜೀವ ಇರೋ ಸೊಳ್ಳೆ ಮಾತ್ರ ಉಗುಳುತ್ತೆ. ನೀನು ಹೇಳ್ತಿರೋದು ಸತ್ತ ಸೊಳ್ಳೆ ಬಗ್ಗೆ."

"ಸತ್ತಿಲ್ಲ ಸಾರ್. ಸಂಜೆ ಹೊತ್ತಿಗೆ ರಕ್ತನೂ ಕುಡೀತವೆ."

ಅವರು ಕಂಪ್ಯೂಟರಿನಲ್ಲಿ ರಿಜಿಸ್ಟರಿನ ಸ್ಕ್ಯಾನ್ ಪ್ರತಿ ತೆರೆದು ಪರದೆಯನ್ನು ಅವಳ ಕಡೆ ತಿರುಗಿಸಿದರು. "ಓದು. ಏನಂತ ಬರೆದಿದೆ?"

"ಸತ್ತದ್ದು."

"ಯಾರ ಕೈಬರಹ?"

"ನಂದೇ, ಸಾರ್."

"ಮತ್ತೆ?" ಎಂದರು ಡಾಕ್ಟರು. ಎರಡು ವಿದೇಶಿ ಪದವಿಗಳ ಮನುಷ್ಯ, ಅವಳೇ ಬರೆದ ಒಂದು ಪದವನ್ನು ತೋರಿಸಿ ಅವಳೇ ಕಂಡದ್ದನ್ನು ಸುಳ್ಳು ಮಾಡಿದ. "ಕೊಳವೆ ಸರಿಯಾಗಿ ತೊಳೆದಿರಲ್ಲ ನೀವು, ಅಷ್ಟೇ. ಅದನ್ನ ತಗೊಂಡ್ಹೋಗಿ ಸುಡಿಸು. ಸೋಮವಾರ ಅರವತ್ತು ಕೊಳವೆ ತುಂಬಬೇಕು, ಗುರುವಾರ ಸಮಿತಿಯವರು ಬರ್ತಾರೆ. ಕೈ ಸ್ವಚ್ಛವಾಗಿರ್ಲಿ."

ಮೆಟ್ಟಿಲಿಳಿಯುವಾಗ ಮಾದೇವಿಗೆ ಅಳು ಬರಲಿಲ್ಲ. ಆಶ್ಚರ್ಯವಾಯಿತು. ಇಷ್ಟು ದಿನ ಮೇಲಿನವರಿಗೆ ತನಗಿಂತ ಹೆಚ್ಚು ಕಾಣುತ್ತದೆಂದು ತಿಳಿದು ಹೆದರಿದ್ದಳಲ್ಲ! ಕಪ್ಪೆಗೂ ತಾನು ಕೂತ ಬಾವಿಯಾದರೂ ಕಾಣುತ್ತದೆ. ಇವರಿಗೆ ಪರದೆಯ ಮೇಲಿನ ಕೈ ಬಿಟ್ಟರೆ ಏನೂ ಕಾಣುವುದಿಲ್ಲ.

ಮನೆಗೆ ಬಂದಾಗ ಹರ್ಷಿಣಿ ಅಜ್ಜಿಯ ಮಡಿಲಲ್ಲಿ ಮಲಗಿತ್ತು. ಕೆನ್ನೆಯ ಮೇಲೆ ಸೊಳ್ಳೆ ಕಚ್ಚಿದ ಎರಡು ಕೆಂಪು ಗುಳ್ಳೆ. ಮಾದೇವಿ ಅದನ್ನು ಬಹಳ ಹೊತ್ತು ನೋಡಿದಳು.

"ಕೆಲ್ಸ ಬಿಡ್ಸುದ್ರೆ ಏನ್ಮಾಡಾದತ್ತೆ?" ಎಂದಳು.

"ಯಾಕೆ, ಏನ್ ಕಿತಾಪತಿ ಮಾಡ್ದೆ?"

"ಇನ್ನೂ ಮಾಡಿಲ್ಲ."

ನಿಂಗಾಜಮ್ಮ ಸೊಸೆಯ ಮುಖವನ್ನೇ ನೋಡಿದಳು. ಗೇಲಿ ಮಾಡಲು ಬಾಯಿ ತೆರೆದವಳು ಯಾಕೋ ಮಾಡಲಿಲ್ಲ. "ಮಾಡೋದಾದ್ರೆ ಉಂಡ್ಕೊಂಡು ಮಾಡು. ಮುದ್ದೆ ಆರೋಗ್ತದೆ," ಎಂದಳು.

ಸೋಮವಾರ ಮಾದೇವಿ ಅರವತ್ತು ಕೊಳವೆ ತುಂಬಿದಳು. ಮೋಸ ಮಾಡಲಿಲ್ಲ. ಕೆಳಮೂಲೆಗೇ ಕೈ ಹಾಕಬಹುದಿತ್ತು, ಹಾಕಲಿಲ್ಲ. ಬುಗ್ಗೆ ಒತ್ತುವುದೊಂದನ್ನು ಬಿಟ್ಟಳು, ಅಷ್ಟೇ. ಪಂಜರವನ್ನು ಮೇಲಿನ ಅಂಚಿನಿಂದ ಕೆಳಗಿನ ತನಕ ಸಾಲು ಬಿಡದೆ ನೋಡುತ್ತ, ಸಿಕ್ಕಿದ್ದನ್ನು ಸಿಕ್ಕಂತೆ ಹಿಡಿದಳು. ಹಾರುವುದೂ ಬಂತು, ಕೂತದ್ದೂ ಬಂತು. ಆ ವಾರದ 'ಸತ್ತದ್ದು' ಕಲಮಿನಲ್ಲಿ, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ್ದ ಎರಡನ್ನು ಮಾತ್ರ ಬರೆದಳು. ಸಿದ್ದಯ್ಯ ಬಗ್ಗಿ ನೋಡಿ, "ನಾನಿವತ್ತು ರಜ," ಎಂದು ಚೀಲ ಹೆಗಲಿಗೇರಿಸಿ ಹೊರಟುಹೋದ.

ಗುರುವಾರ ಸಮಿತಿ ಬಂತು. ಮೂವರಲ್ಲಿ ಇಬ್ಬರು ಬಾದಾಮಿ ಹಾಲಿಗೆ ಬಂದವರು. ಮೂರನೆಯವರು ಡಾಕ್ಟರ್ ಲೀಲಾ ಬಿದರಕುಂದಿ, ಬಿಜಾಪುರದ ಕಡೆಯ ವಯಸ್ಸಾದ ಹೆಂಗಸು. ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಎರಡು ಕೈಗಳು ಒಂದೊಂದೇ ಕಾಗದ ತೆಗೆದು ಕ್ಯಾಮೆರಾದ ಮುಂದೆ ಹಿಡಿಯುತ್ತಿದ್ದವು. ಬಿಳಿ. ಬಿಳಿ. ಡಾಕ್ಟರ್ ಇಂದುಶೇಖರ್ ಕೈಕಟ್ಟಿ ನಿಂತು ಮಂದಹಾಸ ಬೀರುತ್ತಿದ್ದರು. ಹದಿನಾಲ್ಕನೆಯದು ನೇರಳೆ. ಮಂದಹಾಸ ಹಾಗೇ ಉಳಿಯಿತು, ಅದರ ಹಿಂದಿನ ಮುಖ ಮಾತ್ರ ಹೋಯಿತು. ಅರವತ್ತು ಮುಗಿಯುವಾಗ ನೇರಳೆ ಐದು.

"ಇದು ಕೆಳಗಿನವರ ತಪ್ಪು," ಎಂದರು ಡಾಕ್ಟರು ತಕ್ಷಣ. "ಓದಿಲ್ಲದ ಜನ. ಕೊಳವೆ ತೊಳೆಯೋಕೂ ಬರಲ್ಲ."

"ತುಂಬಿದಾಕೀನ ನೋಡ್ತೀನಿ, ನಡೀರಿ," ಎಂದರು ಬಿದರಕುಂದಿ.

ನೆಲಮಾಳಿಗೆಯ ಗಾಜಿನ ಗೋಡೆಯ ಈಚೆ ಅವರು ನಿಂತರು. ಆಚೆ ಬಿಳಿ ನಿಲುವಂಗಿಯಲ್ಲಿ ಮಾದೇವಿ. ನಡುವೆ ಮಾತಿಗೊಂದು ಸಣ್ಣ ಮೈಕು.

"ತಂಗಿ, ಈ ಸರ್ತಿ ಏನರ ಬ್ಯಾರೆ ಮಾಡಿದೇನು?"

"ಮೇಡಂ, ಅವಳಿಗೆ ಕ್ರಮ ಎಲ್ಲಾ ಏನೂ ಗೊತ್ತಿರಲ್ಲ..." ಎಂದು ಡಾಕ್ಟರು ನಡುವೆ ಬಂದರು.

"ನಾ ಅಕೀನ್ ಕೇಳಾಕತ್ತೀನ್ರಿ."

ಮಾದೇವಿಗೆ ಮಗುವಿನ ಕೆನ್ನೆಯ ಗುಳ್ಳೆ ನೆನಪಾಯಿತು. "ಬುಗ್ಗೆ ಒತ್ತಲಿಲ್ಲ ಮೇಡಂ," ಎಂದಳು.

"ಅಂದ್ರ?"

"ದಿನಾ ಗಾಳಿ ಬಿಟ್ಟು, ಎದ್ದವನ್ನ ಕೊಳ್ವೆಗೆ ತುಂಬ್ತೀವಿ. ಏಳದವನ್ನ ಫ್ರೀಜರ್‌ಗೆ ಹಾಕ್ತೀವಿ. ಈ ಸಲ ಆರಿಸಲಿಲ್ಲ."

"ಜೀವಂತ ಇದ್ದದ್ದನ್ನ ಫ್ರೀಜರಿಗ್ಯಾಕ ಹಾಕತೀರಿ?"

"ಸತ್ತವು ಅಂತ ಬುಕ್ಕಲ್ಲಿ ಬರೀತೀವಲ್ಲ ಮೇಡಂ. ಬರೆದ ಮೇಲೆ ಸಾಯಿಸ್ಬೇಕಲ್ಲ."

ಬಿದರಕುಂದಿ ರಿಜಿಸ್ಟರು ತರಿಸಿ ಎರಡು ವರ್ಷದ ಸಾವುಗಳನ್ನು ಕೂಡಿಸಿದರು. ಮೂರು ಸಾವಿರದ ನಾನ್ನೂರ ಹನ್ನೆರಡು. ಕನ್ನಡಕದ ಮೇಲಿನಿಂದ ಡಾಕ್ಟರ್ ಇಂದುಶೇಖರರನ್ನು ನೋಡಿ, "ಇಷ್ಟು ಹೆಣ ಬಿದ್ದರೂ ಒಂದಿನ ಮಣ್ಣಿಗೆ ಬರಲಿಲ್ಲಲ್ರೀ ನೀವು," ಎಂದರು.

ಸೊಳ್ಳೆ ಬಿಡುವುದು ನಿಂತಿತು. ಹದಿನೈದು ದಿನದಲ್ಲಿ ಏಳೂ ಊರುಗಳ ಕೆಂಪು ಗೆರೆ ಅಳಿಸಿ, ಲಸಿಕೆ ಮತ್ತೆ ಶುರುವಾಯಿತೆಂದು ಜಯಶೀಲ ಮನೆಮನೆಗೆ ಹೇಳಿಹೋದಳು. ಮಾದೇವಿಯನ್ನು ಕೆಲಸದಿಂದ ತೆಗೆಯುವ ಕಾಗದವೂ ಅಷ್ಟೇ ಬೇಗ ಟೈಪಾಗಿತ್ತು. ಆದರೆ ಬಿದರಕುಂದಿಯವರು ಇನ್ನು ಮುಂದೆ ಪ್ರತಿ ಪಂಜರದ ಮಂಕು ಸೊಳ್ಳೆಗಳನ್ನೂ ಬೇರೆಯಾಗಿ ಪರೀಕ್ಷಿಸಿ ವರದಿ ಕೊಡಬೇಕೆಂದು ಬರೆದಿದ್ದರು. ಅವನ್ನು ಗುರುತಿಸಬಲ್ಲವರು ಇಡೀ ಕೇಂದ್ರದಲ್ಲಿ ಇನ್ನೊಬ್ಬರಿರಲಿಲ್ಲ. ಟೈಪಾದ ಕಾಗದ ಟೈಪಾದಲ್ಲೇ ಉಳಿಯಿತು. ಡಾಕ್ಟರ್ ಇಂದುಶೇಖರರಂತೂ ಆಗಲೇ ಹೊಸ ಪ್ರಬಂಧ ಬರೆಯುತ್ತಿದ್ದರು: ಸೋಂಕಿನಿಂದ ಮಂಕಾಗುವ ಸೊಳ್ಳೆಗಳು, ತಾವು ಮೊದಲು ಗಮನಿಸಿದ ಒಂದು ವಿದ್ಯಮಾನ.

ಗಮನಿಸಿದ್ದನ್ನು ಒಮ್ಮೆಯಾದರೂ ನೋಡೋಣವೆಂದು ಒಂದು ಗುರುವಾರ ಬೆಳಗ್ಗೆ ಅವರು ಕೆಳಗಿಳಿದು ಬಂದರು. ನಿಲುವಂಗಿ ಹಾಕಲು ಬಾರದೆ ಹಿಂದುಮುಂದಾಗಿ ತೊಟ್ಟಿದ್ದರು. ಮಾದೇವಿ ಪಂಜರ ತೋರಿಸಿದಳು. ಅವರು ಮಂಡಿಯೂರಿ, ಗಾಜಿಗೆ ಮೂಗು ಒತ್ತಿ, ಕಾಲು ಗಂಟೆ ನೋಡಿದರು.

"ಎಲ್ಲಾ ಒಂದೇ ಥರ ಇದೆಯಲ್ಲ?"

"ಹಿಂಗಾಲು ನೋಡಿ ಸಾರ್."

ಇನ್ನೂ ಕಾಲು ಗಂಟೆ ನೋಡಿದರು. ಕೊನೆಗೆ ಪೆನ್ನಿನ ತುದಿಯಿಂದ ಗಾಜು ತಟ್ಟಿ, "ಹಾಂ, ಇದು! ಮಂಕಾಗಿ ಕೂತಿದೆ ನೋಡು," ಎಂದರು ಗೆದ್ದವರಂತೆ.

"ಅದು ನಿಜವಾಗ್ಲೂ ಸತ್ತಿದೆ ಸಾರ್," ಎಂದಳು ಮಾದೇವಿ.

ಅವರನ್ನು ಅಲ್ಲೇ ಮಂಡಿಯ ಮೇಲೆ ಬಿಟ್ಟು, ಕೈ ತೊಳೆದು, ಅರ್ಧ ದಿನದ ರಜೆ ಬರೆದಿಟ್ಟು ಹೊರಟಳು. ಸೂಜಿ ಹಾಕುವ ನರ್ಸಮ್ಮ ಹನ್ನೆರಡಕ್ಕೆ ಡಬ್ಬಿ ಮುಚ್ಚಿಬಿಡುತ್ತಾಳೆ.

ಅಂಗನವಾಡಿಯ ಜಗುಲಿ ತುಂಬ ಕಂಕುಳ ಕೂಸುಗಳು. ನಿಂಗಾಜಮ್ಮ ಮೊಮ್ಮಗಳನ್ನು ಎತ್ತಿಕೊಂಡು, ಬಾಗಿಲಲ್ಲಿ ಯಾರನ್ನೋ ಬೈದು, ಸಾಲಿನ ಮುಂದೆ ಜಾಗ ಹಿಡಿದು ಕಾದಿದ್ದಳು. ಮಾದೇವಿ ಮಗುವಿನ ಕಾಲು ಹಿಡಿದಳು. ಸೂಜಿ ತೊಡೆಗಿಳಿದದ್ದೇ ಹರ್ಷಿಣಿ ಮುಖ ಕೆಂಪಗೆ ಮಾಡಿ, ಊರ ಕೊನೆಯ ಮನೆಗೂ ಕೇಳುವಂತೆ ಕಿರುಚಿತು.

"ಸುಮ್ನಿರ್ಸು ಅದ್ನ," ಎಂದಳು ನಿಂಗಾಜಮ್ಮ, ಕಿವಿ ಮುಚ್ಚಿಕೊಂಡು.

ಮಾದೇವಿ ಸುಮ್ಮನಿರಿಸಲಿಲ್ಲ.